ಪಂದ್ಯದ ಹಿಂದಿನ ದಿನ

ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುವುದು ಅಂಕಣದಲ್ಲಿ, ನಲವತ್ತು ನಿಮಿಷಗಳ ಕಾಲ. ಆದರೆ ಅದಕ್ಕೂ ಮುಂಚೆ ಅದೇ ಪಂದ್ಯ ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಒಂದು ವಾರದಿಂದ ನಡೆಯುತ್ತಲೇ ಇರುತ್ತದೆ. ಅಲ್ಲಿ ತೀರ್ಪುಗಾರನಿಲ್ಲ, ಸೀಟಿಯಿಲ್ಲ, ಕಾಲದ ಮಿತಿಯಿಲ್ಲ. ಭಾಗವಹಿಸಿದವರಿಗೆ ಬೆವರು ಕೂಡ ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾದ ಅನುಕೂಲವೆಂದರೆ, ಅಲ್ಲಿ ಯಾರೂ ಸೋಲುವುದಿಲ್ಲ. ನಾಳೆಯ ಆಟವನ್ನು ಇಂದೇ ಆಡಿ ಮುಗಿಸುವ ಈ ವಿದ್ಯೆಗೆ ಭವಿಷ್ಯ ನುಡಿಯುವುದು ಎಂದು ಹೆಸರು.

ಶಿವಮೊಗ್ಗದ ನವುಲೆಯಂಥ ಸ್ಥಳದಲ್ಲಿ ಈ ವಿದ್ಯೆ ಹುಲುಸಾಗಿ ಬೆಳೆಯುವುದರಲ್ಲಿ ಆಶ್ಚರ್ಯವಿಲ್ಲ. ಸವಳಂಗ ರಸ್ತೆಯ ಈ ಬಡಾವಣೆಯಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿದೆ, ರಣಜಿ ಪಂದ್ಯಗಳು ನಡೆಯುವ ಕ್ರಿಕೆಟ್ ಮೈದಾನವಿದೆ, ಕೃಷಿ ಕಾಲೇಜಿದೆ. ಆಡುವ ಮಕ್ಕಳು, ಆಡಿಸುವ ಗುರುಗಳು, ಆಡಿಕೊಳ್ಳುವ ಜನ, ಮೂವರೂ ಒಂದೇ ಕಡೆ ಸಿಗುವ ಊರು ಅದು. ಇಂಥ ನವುಲೆಗೆ ನಾಳೆ ಸಂಜೆ ಭದ್ರಾವತಿಯ ಕಾಲೇಜೊಂದರ ತಂಡ ಆಡಲು ಬರುತ್ತದೆ ಎಂದು ಭಾವಿಸಿದರೆ ಸಾಕು, ಹಿಂದಿನ ದಿನದ ಚಿತ್ರ ತಾನಾಗಿಯೇ ಕಣ್ಣೆದುರು ನಿಲ್ಲುತ್ತದೆ.

ಎರಡೂ ಊರುಗಳ ನಡುವಿನ ದಾರಿ ಸುಮಾರು 20 ಕಿಲೋಮೀಟರ್. ಅಭಿಮಾನದ ದೂರ ಮಾತ್ರ ಅದಕ್ಕಿಂತ ಬಹಳ ಹೆಚ್ಚು. ಒಂದು ಊರು ತುಂಗೆಯದು, ಇನ್ನೊಂದು ಭದ್ರೆಯದು. ತುಂಗಾ ಪಾನ, ಗಂಗಾ ಸ್ನಾನ ಎಂಬ ಮಾತನ್ನು ಶಿವಮೊಗ್ಗದ ಭವಿಷ್ಯಕಾರ ಎತ್ತದೆ ಇರಲಾರ. ಅಂಥ ನೀರು ಕುಡಿದ ಹುಡುಗರು ಸೋಲುವುದುಂಟೇ ಎಂಬುದು ಅವನ ವಾದ. ಬೆಂಕಿಪುರವೆಂಬ ಹಳೆಯ ಹೆಸರುಳ್ಳ ಭದ್ರಾವತಿಯವನು ನೀರಿಗೆ ಹೆದರುವವನಲ್ಲ. 1923ರಲ್ಲಿ ಕಾರ್ಯಾರಂಭ ಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಆತ ನೆನಪಿಸುತ್ತಾನೆ. ಕಬ್ಬಿಣದ ಬಳೆಯೊಳಗೆ ಚೆಂಡು ಹಾಕುವ ಆಟ ಕಬ್ಬಿಣದ ಊರಿನವರದಲ್ಲದೆ ಮತ್ತಾರದು? ಚೆಂಡು ಹಾಕುವುದಕ್ಕೆ ಬೇಕಾದುದು ಕೋನ, ವೇಗಗಳ ಲೆಕ್ಕ, ಅದು ಇಂಜಿನಿಯರಿಂಗ್ ಓದುವವರಿಗೆ ಕರತಲಾಮಲಕ ಎಂದು ನವುಲೆಯ ಕಡೆಯಿಂದ ಉತ್ತರ ಬರುತ್ತದೆ. ಹಾಗಾದರೆ ಸರ್ ಎಂ. ವಿಶ್ವೇಶ್ವರಯ್ಯನವರಿಗಿಂತ ದೊಡ್ಡ ಇಂಜಿನಿಯರ್ ಯಾರು, ಅವರು ಕಾರ್ಖಾನೆ ನಡೆಸಲು ಬಂದದ್ದು ಯಾವ ಊರಿಗೆ ಎಂದು ಭದ್ರಾವತಿ ಕೇಳುತ್ತದೆ. ನವುಲೆಯ ಕಾಲೇಜು ಸೇರಿರುವ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿಟ್ಟಿದೆ ಎಂದು ಶಿವಮೊಗ್ಗ ಮರುಪ್ರಶ್ನೆ ಹಾಕುತ್ತದೆ. ಜೀವನದಲ್ಲಿ ಒಂದು ನಿಮಿಷವನ್ನೂ ವ್ಯರ್ಥ ಮಾಡದಿದ್ದ ಆ ಮಹಾನುಭಾವರ ಹೆಸರಿನಲ್ಲಿ ಹೀಗೆ ಒಂದು ಗಂಟೆ ಕಳೆದುಹೋಗುತ್ತದೆ. ಎರಡು ನದಿಗಳು ತಮ್ಮ ಮೇಲುಕೀಳಿನ ವ್ಯಾಜ್ಯವನ್ನು ಕೂಡಲಿಯ ಸಂಗಮದಲ್ಲಿ ಎಂದೋ ತೀರಿಸಿಕೊಂಡಿವೆ. ಅವುಗಳ ವಕೀಲರು ಮಾತ್ರ ಅಷ್ಟು ದೂರ ಹೋಗಲು ಸಿದ್ಧರಿಲ್ಲ.

ಇಷ್ಟರವರೆಗೆ ಯಾವ ಕೇಡೂ ಇಲ್ಲ. ನಕ್ಕು ಹಗುರಾಗುವುದಕ್ಕೆ ಜನರಿಗೆ ಒಂದು ನೆಪ ಬೇಕು. ಭದ್ರಾವತಿಗಂತೂ ಅದು ಇನ್ನೂ ಹೆಚ್ಚಾಗಿ ಬೇಕು. 1936ರಲ್ಲಿ ಸ್ಥಾಪನೆಯಾದ ಅಲ್ಲಿನ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯ ಹಿಂದಿನ ವೈಭವವೂ ಉಳಿದಿಲ್ಲ. ಪಾಳಿಯ ಸೈರನ್ನಿಗೆ ಏಳುತ್ತಿದ್ದ ಊರಿಗೆ ಹೆಮ್ಮೆಪಡಲು ಹತ್ತು ಹನ್ನೆರಡು ಹುಡುಗರ ಒಂದು ತಂಡ ಸಿಕ್ಕಿದರೆ, ಅದರ ಗುಣಗಾನ ತುಸು ಅತಿಯಾಯಿತೆಂದು ಯಾರೂ ಲೆಕ್ಕ ಹಾಕಬಾರದು.

ಕೇಡು ಆರಂಭವಾಗುವುದು ಮಾತು ಊರುಗಳನ್ನು ಬಿಟ್ಟು ಆಟಗಾರರ ಮೇಲೆ ಬಂದಾಗ. ಅದರಲ್ಲೂ ಮೊದಲು ಬರುವ ಮಾತು ಎತ್ತರದ್ದು. ಒಬ್ಬ ಎತ್ತರದ ಹುಡುಗನನ್ನು ಕಂಡರೆ ಸಾಕು, ಆತ ಚೆಂಡು ಮುಟ್ಟುವ ಮೊದಲೇ ಗೆದ್ದಾಯಿತೆನ್ನುತ್ತಾರೆ. ಆ ಪಾಪದ ಹುಡುಗನಿಗೆ ಕಪಾಟಿನ ಮೇಲಿನ ಡಬ್ಬಿ ತೆಗೆದುಕೊಟ್ಟು ಅಭ್ಯಾಸವೇ ಹೊರತು ಚೆಂಡು ಹಾಕಿ ಅಭ್ಯಾಸವಿಲ್ಲದಿರಬಹುದು. ಅದನ್ನು ಯಾರೂ ಕೇಳುವುದಿಲ್ಲ. ಕುಳ್ಳನೊಬ್ಬ ತಂಡದಲ್ಲಿದ್ದರೆ, ಈತನನ್ನು ನೀರು ತಂದುಕೊಡಲು ಕರೆತಂದಿದ್ದಾರೆಯೇ ಎಂಬ ಪ್ರಶ್ನೆ ಅವನ ಕಿವಿಗೆ ಬೀಳುವಂತೆಯೇ ಏಳುತ್ತದೆ.

ಬ್ಯಾಸ್ಕೆಟ್‌ಬಾಲಿನ ಬಳೆ ನೆಲದಿಂದ 3.05 ಮೀಟರ್, ಎಂದರೆ ಹತ್ತಡಿ ಎತ್ತರದಲ್ಲಿರುತ್ತದೆ. ಈ ಹತ್ತಡಿಯನ್ನು ಯಾವ ಋಷಿಯೂ ತಪಸ್ಸು ಮಾಡಿ ಕಂಡುಕೊಂಡದ್ದಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಒಳಗೆ ಗಲಾಟೆಯೆಬ್ಬಿಸುತ್ತಿದ್ದ ತಮ್ಮ ತರಗತಿಗಾಗಿ ಹೊಸ ಆಟವೊಂದನ್ನು ಯೋಚಿಸಿದರು. ಅವರು ಕೇಳಿದ್ದು ಎರಡು ಪೆಟ್ಟಿಗೆಗಳನ್ನು. ಸಿಕ್ಕಿದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳು. ಅವುಗಳನ್ನು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿದರು. ಕಟಕಟೆ ಹತ್ತಡಿ ಎತ್ತರದಲ್ಲಿತ್ತು, ಬುಟ್ಟಿಯೂ ಹತ್ತಡಿಗೆ ನಿಂತಿತು. ತಂಡಕ್ಕೆ ಒಂಬತ್ತು ಜನರಂತೆ ಆಡಿದ ಆ ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು. ಬಿದ್ದ ಚೆಂಡನ್ನು ತೆಗೆಯಲು ಏಣಿ ಹತ್ತಬೇಕಾಗುತ್ತಿತ್ತು. ಕಟ್ಟಡ ಕಟ್ಟಿದ ಮೇಸ್ತ್ರಿ ಉಪ್ಪರಿಗೆಯನ್ನು ಒಂದಡಿ ಕೆಳಗಿಳಿಸಿದ್ದರೆ ಇಂದು ಎಷ್ಟೋ ಕುಳ್ಳರು ಮಹಾಪುರುಷರೆನಿಸುತ್ತಿದ್ದರು!

ಕಟಕಟೆ ಇದ್ದಲ್ಲೇ ಇದ್ದರೂ ಕೆಲವರು ಹಾಗೆ ಎನಿಸಿಕೊಂಡರು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ 1987ರಿಂದ 2001ರವರೆಗೆ ಆಡಿದ ಮಗ್ಸಿ ಬೋಗ್ಸ್ ಅವರ ಎತ್ತರ ಐದಡಿ ಮೂರಂಗುಲ. ನಮ್ಮ ಪ್ರೌಢಶಾಲೆಗಳ ಸಾಲಿನಲ್ಲಿಯೂ ಆತ ಹಿಂದಿನ ಸಾಲಿಗೆ ಸೇರುವವರಲ್ಲ. ಹದಿನಾಲ್ಕು ಋತುಗಳ ಕಾಲ ಅವರು ದೈತ್ಯರ ಕಾಲುಗಳ ನಡುವೆ ನುಸುಳಿ ಚೆಂಡು ಕಸಿದರು. ಮಾತ್ರವಲ್ಲ, 39 ಬಾರಿ ಎದುರಾಳಿಗಳು ಬುಟ್ಟಿಯತ್ತ ಎಸೆದ ಚೆಂಡನ್ನು ತಡೆದರು. ಹಾಗೆ ತಡೆಸಿಕೊಂಡವರಲ್ಲಿ ಏಳಡಿ ಎತ್ತರದ ಪ್ಯಾಟ್ರಿಕ್ ಯೂಯಿಂಗ್ ಅವರೂ ಒಬ್ಬರು.

ಉದಾಹರಣೆಗೆ ಅಮೆರಿಕದವರೆಗೆ ಹೋಗುವ ಅಗತ್ಯವೂ ಇಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತಿಗೆ ಭದ್ರಾವತಿಯಲ್ಲೇ ಸಾಕ್ಷಿಯಿದೆ. ಆಟ ಬೇರೆ, ಅಷ್ಟೆ. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ಅವರು ತಮ್ಮ ಮೊದಲ ಟೆಸ್ಟ್ ಆಡಿದಾಗ, ಮೊದಲ ಸರದಿಯಲ್ಲಿ ಗಳಿಸಿದ್ದು ಸೊನ್ನೆ. ಆ ರಾತ್ರಿ ದೇಶದಲ್ಲಿ ಎಷ್ಟು ಮಂದಿ ತಲೆಯಲ್ಲಾಡಿಸಿ ಭವಿಷ್ಯ ನುಡಿದಿರಬಹುದು! ನಾಯಕ ಪಟೌಡಿಯವರೂ ಒಂದು ಭವಿಷ್ಯ ನುಡಿದರು. ಚಿಂತೆ ಬೇಡ, ನೀನು ಶತಕ ಹೊಡೆಯುತ್ತೀಯೆ ಎಂದು ಅವರು ಆ ತರುಣನಿಗೆ ಧೈರ್ಯ ಹೇಳಿದರು. ಎರಡನೆಯ ಸರದಿಯಲ್ಲಿ ವಿಶ್ವನಾಥ್ 137 ಓಟಗಳನ್ನು ಗಳಿಸಿದರು. ಪಟೌಡಿಯವರು ಪಂಚಾಂಗ ನೋಡಿ ಹಾಗೆ ಹೇಳಿರಲಿಲ್ಲ. ಮತ್ತೆ ಬ್ಯಾಟು ಹಿಡಿಯಬೇಕಾದವನ ಕೈ ನಡುಗದಿರಲೆಂದು ಹೇಳಿದ್ದರು.

ಇನ್ನು ಲೆಕ್ಕಾಚಾರದ ಭವಿಷ್ಯ. ಅಮೆರಿಕದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಕಾಲೇಜುಗಳ ದೊಡ್ಡದೊಂದು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಅದರ ಮುಖ್ಯ ಸುತ್ತುಗಳಲ್ಲಿ 64 ತಂಡಗಳು. ಸೋತವರು ಮನೆಗೆ ಹೋಗಬೇಕು. ಒಂದು ಪಂದ್ಯಕ್ಕೆ ಒಂದು ತಂಡ ಹೊರಬೀಳುವುದರಿಂದ ಕೊನೆಗೊಬ್ಬರು ಉಳಿಯಲು 63 ಪಂದ್ಯಗಳು ಬೇಕು. ಅಷ್ಟರ ಫಲಿತಾಂಶವನ್ನೂ ಮೊದಲೇ ಬರೆದಿಡುವುದು ಅಲ್ಲಿನ ಲಕ್ಷಾಂತರ ಜನರ ವಾರ್ಷಿಕ ವ್ರತ. 63 ಪಂದ್ಯಗಳು ಮುಗಿಯಬಹುದಾದ ಬಗೆಗಳೆಷ್ಟು? ಎರಡನ್ನು ಎರಡರಿಂದ, ಬಂದುದನ್ನು ಮತ್ತೆ ಎರಡರಿಂದ, ಹೀಗೆ 63 ಎರಡುಗಳನ್ನು ಗುಣಿಸಬೇಕು. ಒಂದು ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದುದನ್ನು ಮತ್ತೆ 92 ಸಾವಿರದಿಂದ ಗುಣಿಸಿದರೆ ಹತ್ತಿರ ಹತ್ತಿರ ಆ ಸಂಖ್ಯೆ ಸಿಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರು ಎಷ್ಟು ಕುಲಾವಿ ಹೊಲಿಸಬೇಕಾದೀತೆಂದು ಇದರಿಂದ ತಿಳಿಯಬಹುದು.

ಆ ಪಂದ್ಯಾವಳಿಯಲ್ಲಿ ತಂಡಗಳಿಗೆ ಮೊದಲೇ ಸ್ಥಾನ ನಿಗದಿ ಮಾಡುತ್ತಾರೆ. ಮೊದಲ ಸ್ಥಾನದವರು ಮೊದಲ ಸುತ್ತಿನಲ್ಲಿ ಹದಿನಾರನೆಯ ಸ್ಥಾನದವರನ್ನು ಎದುರಿಸಬೇಕು. ಪುರುಷರ ವಿಭಾಗದಲ್ಲಿ ಇಂಥ 135 ಪಂದ್ಯಗಳು ನಡೆದು, 135ರಲ್ಲೂ ಮೊದಲ ಸ್ಥಾನದವರೇ ಗೆದ್ದಿದ್ದರು. 2018ರಲ್ಲಿ 136ನೆಯದು ಬಂತು. ವರ್ಜೀನಿಯಾ ವಿಶ್ವವಿದ್ಯಾಲಯ ಗೆಲ್ಲುವುದೆಂಬುದನ್ನು ಭವಿಷ್ಯವೆಂದು ಕರೆಯಲೂ ಜನ ಸಿದ್ಧರಿರಲಿಲ್ಲ; ಅದು ಸೂರ್ಯೋದಯದಷ್ಟು ಖಚಿತ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯ ಹುಡುಗರು ಆ ಸಂಜೆ ವರ್ಜೀನಿಯಾವನ್ನು 74-54 ಅಂಕಗಳಿಂದ ಸೋಲಿಸಿದರು. ವರ್ಜೀನಿಯಾದವರು ತಲೆಯ ಮೇಲೆ ಬಟ್ಟೆ ಹಾಕಿಕೊಂಡು ಕೂರಲಿಲ್ಲ. ಮರುವರ್ಷ, 2019ರಲ್ಲಿ, ಅವರೇ ಇಡೀ ಪಂದ್ಯಾವಳಿಯನ್ನು ಗೆದ್ದರು. ಹಾಗಾಗಿ ಅವರ ಬಗ್ಗೆ ಎರಡು ವರ್ಷ ನುಡಿದ ಭವಿಷ್ಯವೂ ಹಾಳಾಯಿತು.

ನವುಲೆಯ ಭವಿಷ್ಯಕಾರನಿಗೆ ಇನ್ನೂ ಒಂದು ತೊಡಕುಂಟು. ಚಳಿಗೆ ಹೆದರಿ ಒಳಾಂಗಣಕ್ಕೆಂದು ಹುಟ್ಟಿದ ಆಟವನ್ನು ನಮ್ಮ ಬಹುಪಾಲು ಶಾಲಾ ಕಾಲೇಜುಗಳು ಬಯಲಿನಲ್ಲಿ ಆಡುತ್ತವೆ. ಮಲೆನಾಡಿನ ಬಾಗಿಲಲ್ಲಿ ಮಳೆಯನ್ನು ಮೂರನೆಯ ತಂಡವೆಂದೇ ಎಣಿಸಬೇಕು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. 1936ರಲ್ಲಿ ಬರ್ಲಿನ್ನಿನಲ್ಲಿ ಈ ಆಟ ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಗಳಿಗೆ ಪೂರ್ಣವಾಗಿ ಸೇರಿದಾಗ ಅಂತಿಮ ಪಂದ್ಯ ನಡೆದದ್ದು ಬಯಲಿನಲ್ಲಿ, ಮಣ್ಣಿನ ಅಂಕಣದಲ್ಲಿ, ಸುರಿವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯಲೊಲ್ಲದು. ಅಮೆರಿಕ ಕೆನಡಾವನ್ನು 19-8ರಿಂದ ಸೋಲಿಸಿತು. ವೃದ್ಧರಾಗಿದ್ದ ನೈಸ್ಮಿತ್ ಅಲ್ಲಿದ್ದರು. ಒಳಗೆ ಆಡಲೆಂದು ತಾವು ಕಟ್ಟಿದ ಆಟ ಕೆಸರಿನಲ್ಲಿ ಜಾರುತ್ತಿದ್ದುದನ್ನು ಕಂಡು ಅವರಿಗೆ ನಗು ಬಂದಿದ್ದರೆ ಅದು ತಪ್ಪೇನಲ್ಲ.

ಇಷ್ಟೆಲ್ಲ ಮಾತಿನ ಮಳೆಯಲ್ಲಿ ಹನಿಯೂ ಬೀಳದ ಒಂದು ಜಾಗವಿದೆ. ಅದು ಹುಡುಗಿಯರ ಪಂದ್ಯ. ಹುಡುಗರ ಆಟ ಸಂಜೆಯಾದರೆ ಅವರದು ಬೆಳಿಗ್ಗೆ ಇರುತ್ತದೆ. ಅದರ ಬಗ್ಗೆ ಚಹಾದಂಗಡಿಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಭವಿಷ್ಯದ ಕಾಟವಿಲ್ಲದೆ ಅವರು ನೆಮ್ಮದಿಯಾಗಿ ಆಡಬಹುದು ನಿಜ. ಆದರೆ ಆ ನೆಮ್ಮದಿಗೆ ಖಾಲಿ ಮೆಟ್ಟಿಲುಗಳ ಬೆಲೆ ತೆರಬೇಕಾಗಿದೆ. ಆಟ ಹುಟ್ಟಿದ ಮರುವರ್ಷವೇ, 1892ರಲ್ಲಿ, ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ತಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದ್ದರು. ನೂರಮೂವತ್ತು ವರ್ಷಗಳ ನಂತರವೂ ಹುಡುಗಿಯರು ಗೆಲ್ಲುವರೋ ಸೋಲುವರೋ ಎಂದು ಕುತೂಹಲಪಡುವಷ್ಟು ಸೌಜನ್ಯ ಊರಿಗೆ ಬರದಿದ್ದರೆ, ಆ ಊರಿನ ಕ್ರೀಡಾಭಿಮಾನ ಅರ್ಧ ಮಾತ್ರ ಸತ್ಯ.

ಪಂದ್ಯದ ಬಗ್ಗೆ ನುಡಿದ ಭವಿಷ್ಯಕ್ಕೆ ಒಂದು ಒಳ್ಳೆಯ ಗುಣವಿದೆ: ಮರುದಿನ ಸಂಜೆಯೊಳಗೆ ಅದು ಸುಳ್ಳೋ ನಿಜವೋ ಗೊತ್ತಾಗುತ್ತದೆ. ಆಡಿದವನ ಮುಖ ಊರಿಗೆ ಕಾಣುತ್ತದೆ, ಊರು ನಗುತ್ತದೆ, ಲೆಕ್ಕ ಚುಕ್ತಾ ಆಗುತ್ತದೆ. ಮನುಷ್ಯನ ಬಗ್ಗೆ ನುಡಿಯುವ ಭವಿಷ್ಯಕ್ಕೆ ಈ ಗುಣವಿಲ್ಲ. ನೀನು ಕುಳ್ಳ, ನಿನಗೆ ಈ ಆಟವಲ್ಲ ಎಂದು ಹದಿನಾಲ್ಕು ವರ್ಷದ ಹುಡುಗನಿಗೆ ಹೇಳಿದರೆ ಆತ ಅಂಕಣದ ಹೊರಗೆ ಉಳಿಯುತ್ತಾನೆ. ಹೊರಗೆ ಉಳಿದವನು ಆಟ ಕಲಿಯುವುದಿಲ್ಲ. ಹತ್ತು ವರ್ಷಗಳ ನಂತರ, ನೋಡಿದಿರಾ, ಆಗಲೇ ಹೇಳಿರಲಿಲ್ಲವೇ ಎಂದು ಭವಿಷ್ಯಕಾರ ಹಿಗ್ಗುತ್ತಾನೆ. ಆತ ಕಂಡದ್ದು ಭವಿಷ್ಯವನ್ನಲ್ಲ. ತನ್ನ ಮಾತಿನ ಪರಿಣಾಮವನ್ನು. ನಿಜವಾಗಿ, ಜ್ಯೋತಿಷ್ಯದಲ್ಲಿ ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಸಸಿಯನ್ನು ಕಿತ್ತು, ಇದು ಹಣ್ಣು ಬಿಡುವುದಿಲ್ಲ ಎಂದರೆ ಯಾರೂ ಸುಳ್ಳೆನ್ನಲಾರರು. ಆಟಕ್ಕೆ ಮಾತ್ರವಲ್ಲ, ಗಣಿತಕ್ಕೂ ಹಾಡಿಗೂ ಇಂಗ್ಲಿಷಿಗೂ ಈ ಬಗೆಯ ಜ್ಯೋತಿಷಿಗಳು ಪ್ರತಿಯೊಂದು ಊರಿನಲ್ಲೂ ಇದ್ದಾರೆ, ಶಾಲೆಯೊಳಗೂ ಇದ್ದಾರೆ.

ನವುಲೆಯ ಅಂಕಣದಲ್ಲಿ ಸಂಜೆಯಾಗಿದೆ ಎಂದುಕೊಳ್ಳಬಹುದು. ಮಧ್ಯಾಹ್ನ ಬಿದ್ದ ಮಳೆಯ ನೀರು ಒಂದು ಮೂಲೆಯಲ್ಲಿ ನಿಂತಿದೆ. ನಾಳೆ ಆಡಬೇಕಾದ ಇಬ್ಬರು ಹುಡುಗರು ಪೊರಕೆ ಹಿಡಿದು ಅದನ್ನು ಹೊರಕ್ಕೆ ತಳ್ಳುತ್ತಿದ್ದಾರೆ. ಮೂರನೆಯವನು, ತಂಡದಲ್ಲೆಲ್ಲ ಕುಳ್ಳನಾದವನು, ಫ್ರೀ ಥ್ರೋ ಗೆರೆಯ ಹಿಂದೆ ನಿಂತು ಚೆಂಡು ಎಸೆಯುತ್ತಿದ್ದಾನೆ. ಆ ಎಸೆತಕ್ಕೆ ಯಾರೂ ಅಡ್ಡ ಬರುವಂತಿಲ್ಲ. ಬುಟ್ಟಿ, ಚೆಂಡು ಮತ್ತು ಐದು ಸೆಕೆಂಡು, ಅಷ್ಟೆ. ಹತ್ತು ಎಸೆದರೆ ಆರು ಬೀಳುತ್ತಿವೆ. ಬೇಲಿಯಾಚೆ ನಿಂತ ಭವಿಷ್ಯಕಾರರೊಬ್ಬರು, ಏನಪ್ಪಾ, ನಾಳೆ ಗೆಲ್ಲುವವರು ಯಾರು ಎಂದು ಕೂಗಿ ಕೇಳುತ್ತಾರೆ. ಹುಡುಗ ತಿರುಗಿ ನೋಡದೆ, ಮಳೆ ಬರದಿದ್ದರೆ ನಾಲ್ಕು ಗಂಟೆಗೆ ಶುರು ಸಾರ್, ಬನ್ನಿ ಎನ್ನುತ್ತಾನೆ. ಮತ್ತೆ ಚೆಂಡನ್ನು ಎರಡು ಸಲ ನೆಲಕ್ಕೆ ಪುಟಿಸುತ್ತಾನೆ.