ಶಬ್ದ ಹೆಚ್ಚಿದರೆ ಮಾತು ಕೇಳಿಸೀತೇ?



ವಾರ್ಷಿಕ ಹಬ್ಬ ಹತ್ತಿರ ಬಂದಾಗಲೆಲ್ಲ ನಮ್ಮ ಕಾಸರಗೋಡಿನ ಕಡೆಯ ಚರ್ಚ್‌ಗಳಲ್ಲಿ ಒಂದು ಮಾತು ಏಳುತ್ತದೆ: "ಸೌಂಡ್ ಸಾಕಾಗುವುದಿಲ್ಲ, ದೊಡ್ಡ ಸ್ಪೀಕರ್ ತರಿಸೋಣ." ವಂತಿಗೆ ಎತ್ತಲು ಯುವಜನರಾದ ನಾವೇ ಮನೆಮನೆಗೆ ಹೋಗುತ್ತೇವೆ. ಸ್ಪೀಕರ್ ಬರುತ್ತದೆ. ಆದರೂ ಹಿಂದಿನ ಬೆಂಚಿನ ಅಜ್ಜಿಯರು ಹೇಳುವುದು ಅದೇ: "ಶಬ್ದ ಕೇಳ್ತದೆ ಮಗಾ, ಮಾತು ಗೊತ್ತಾಗುದಿಲ್ಲ." ಈ ದೂರಿಗೆ ಇನ್ನಷ್ಟು ವ್ಯಾಟ್ ಸೇರಿಸುವುದು ಉತ್ತರವಲ್ಲ ಎಂಬುದು ನಮ್ಮ ಅಭಿಪ್ರಾಯ. ಮುಂದಿನ ವಂತಿಗೆಗೆ ಮೊದಲು ಶಬ್ದದ ನಾಲ್ಕು ಮೂಲ ಪಾಠಗಳನ್ನು ಒಟ್ಟಿಗೆ ಓದಿಕೊಳ್ಳೋಣ.

ಶಬ್ದವೆಂದರೆ ಗಾಳಿಯಲ್ಲಿ ಸಾಗುವ ಒತ್ತಡದ ಅಲೆ. ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಅದರ ಆವರ್ತನ, ಅಳತೆ ಹರ್ಟ್ಜ್‌ನಲ್ಲಿ. ಎಳೆಯ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಮಾತಿನಲ್ಲಿ ಸ್ವರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿರುತ್ತದೆ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ವ್ಯಂಜನಗಳ ಗುರುತು, ಅದರಲ್ಲೂ ಸ, ಶ, ತ ಮುಂತಾದವುಗಳದ್ದು, 2,000 ಹರ್ಟ್ಜ್‌ನ ಮೇಲೆ ಇರುತ್ತದೆ. ಅದು ಬಹಳ ಕ್ಷೀಣವಾದ ಶಬ್ದ. ಪಾಪ, ಶಾಪ, ತಾಪ: ಈ ಮೂರರಲ್ಲಿ ಬದಲಾಗುವುದು ಮೊದಲ ವ್ಯಂಜನ ಮಾತ್ರ. ಅದು ಕೈತಪ್ಪಿದರೆ ಕಿವಿಗೆ ಉಳಿಯುವುದು ಬರೀ 'ಆ...ಪ'. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನ ಆವರ್ತನಗಳನ್ನೇ. ಹಾಗಾಗಿ ಅಜ್ಜಿಗೆ ಶಬ್ದ ಕೇಳುತ್ತದೆ, ಮಾತು ಗೊತ್ತಾಗುವುದಿಲ್ಲ. ಅವರು ಹೇಳುವುದು ಅಕ್ಷರಶಃ ನಿಜ.

ಎರಡನೆಯ ಪಾಠ ಕಟ್ಟಡದ್ದು. ಹೆಂಚಿನ ಮಾಡಿನ ಹಳೆಯ ಚರ್ಚ್‌ಗಳಲ್ಲಿ ಸಂದುಗಳಿಂದಲೂ ತೆರೆದ ಕಿಟಕಿ ಬಾಗಿಲುಗಳಿಂದಲೂ ಶಬ್ದದ ಒಂದು ಪಾಲು ಹೊರಗೆ ಹೋಗುತ್ತಿತ್ತು. ಈಗ ಕಾಂಕ್ರೀಟ್ ಸ್ಲಾಬ್, ನೆಲಕ್ಕೆ ನುಣುಪಾದ ಟೈಲ್ಸ್, ಕಿಟಕಿಗೆ ಗಾಜು. ಇವು ಶಬ್ದವನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಓದುವವರ ಒಂದು ಅಕ್ಷರ ಗೋಡೆಗೆ, ಮಾಡಿಗೆ, ನೆಲಕ್ಕೆ ಬಡಿದು ಮತ್ತೆ ಮತ್ತೆ ಬರುವಷ್ಟರಲ್ಲಿ ಮುಂದಿನ ಅಕ್ಷರ ಹೊರಟಿರುತ್ತದೆ. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಅನುರಣನ ಎಂದು ಹೆಸರು.

ಇದನ್ನು ಮೊದಲು ಸರಿಯಾಗಿ ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಪ್ರಾಧ್ಯಾಪಕ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಪಾಠವೇ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡಿನಷ್ಟು ಕಾಲ ಅಲ್ಲೇ ಸುತ್ತುತ್ತಿತ್ತು. ಸಬೀನ್ ರಾತ್ರಿ ಹೊತ್ತು ಹತ್ತಿರದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಒಂದು ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಕೊಠಡಿ ದೊಡ್ಡದಾದಷ್ಟು ಅನುರಣನ ಹೆಚ್ಚು, ಹೀರುವ ವಸ್ತು ಹೆಚ್ಚಿದಷ್ಟು ಕಡಿಮೆ ಎಂಬ ಅವರ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಅವರು ಸಮಸ್ಯೆ ಬಿಡಿಸಿದ್ದು ಮೆತ್ತೆಯಿಂದ, ದೊಡ್ಡ ದನಿಯಿಂದಲ್ಲ ಎಂಬುದನ್ನು ಗಮನಿಸಿ.

ಮೂರನೆಯ ಪಾಠ ಡೆಸಿಬೆಲ್‌ನದ್ದು. 100 ವ್ಯಾಟ್ ಇದ್ದದ್ದನ್ನು 200 ಮಾಡಿದರೆ ಶಬ್ದ ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ 1,000 ವ್ಯಾಟ್. ಅಷ್ಟು ಖರ್ಚು ಮಾಡಿದರೂ ಮಾತಿನ ಜೊತೆಗೆ ಅದರ ಪ್ರತಿಫಲನವೂ ಅಷ್ಟೇ ಏರುತ್ತದೆ, ಗೊಂದಲ ಹಾಗೇ ಉಳಿಯುತ್ತದೆ. ತೆರೆದ ಜಾಗದಲ್ಲಿ ಕೇಳುಗರ ದೂರ ಇಮ್ಮಡಿಯಾದರೆ ನೇರ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ದೂರ ಅರ್ಧವಾದರೆ ಅಷ್ಟೇ ಏರುತ್ತದೆ. ಹಾಗಾದರೆ ದಾರಿ ಸ್ಪಷ್ಟ: ಸ್ಪೀಕರನ್ನು ದೊಡ್ಡದು ಮಾಡುವ ಬದಲು ಜನರ ಹತ್ತಿರ ತನ್ನಿ. ಮುಂದೆ ಎರಡು ಭಾರೀ ಪೆಟ್ಟಿಗೆ ಇಡುವುದಕ್ಕಿಂತ ಕಂಬಗಳಿಗೆ ಸಣ್ಣ ಸ್ಪೀಕರ್‌ಗಳನ್ನು ಕೆಳಮುಖವಾಗಿ ಕಟ್ಟಿ ಕಡಿಮೆ ದನಿಯಲ್ಲಿ ನುಡಿಸುವುದು ಲೇಸು. ಮಧ್ಯದ ಸ್ಪೀಕರ್ ಮುಂದಿನದಕ್ಕಿಂತ 17 ಮೀಟರ್ ಹಿಂದಿದ್ದರೆ ಅದಕ್ಕೆ ಸುಮಾರು 50 ಮಿಲಿಸೆಕೆಂಡ್ ವಿಳಂಬ ಕೊಡಬೇಕು. ಇಲ್ಲವಾದರೆ ಒಂದೇ ಮಾತು ಎರಡೆರಡು ಸಲ ಕೇಳುತ್ತದೆ.

ಖರ್ಚಿಲ್ಲದ ಕೆಲಸಗಳೂ ಇವೆ. ಓದುವವರು ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಂತು, ನಿಧಾನವಾಗಿ, ವಾಕ್ಯಕ್ಕೊಂದು ಬಿಡುವು ಕೊಟ್ಟು ಓದಲಿ. ವಾಚನದ ಹೊತ್ತಿಗೆ ಗಾಯನ ಮಂಡಳಿಯ ಮೈಕುಗಳು ಬಂದ್ ಇರಲಿ. ಮಿಕ್ಸರಿನಲ್ಲಿ ಮಾತಿನ ಮೈಕಿಗೆ ಬಾಸ್ ಇಳಿಸಲಿ, ಎಕೋ ಪೂರ್ತಿ ತೆಗೆಯಲಿ. ಎಕೋ ಹಾಕಿದರೆ ದನಿ ಗಂಭೀರವಾಗುತ್ತದೆಂಬ ಭ್ರಮೆ ನಮ್ಮವರಲ್ಲಿ ಬಹಳ. ಕಟ್ಟಡವೇ ಬೇಕಾದಷ್ಟು ಕೊಡುತ್ತಿರುವಾಗ ಮಿಕ್ಸರಿನದ್ದು ಯಾಕೆ?

ನಾಲ್ಕನೆಯದು ಡಿಜಿಟಲ್ ಧ್ವನಿ. ಮಲಗಿದಲ್ಲೇ ಇರುವ ಹಿರಿಯರಿಗೂ ಗಲ್ಫಿನಲ್ಲಿ ದುಡಿಯುವ ನಮ್ಮವರಿಗೂ ಬಲಿಪೂಜೆ ತಲುಪುವುದು ಈ ದಾರಿಯಲ್ಲಿ. ಕಂಪ್ಯೂಟರ್ ಅಲೆಯನ್ನು ಹಾಗೇ ಹಿಡಿಯುವುದಿಲ್ಲ, ಸೆಕೆಂಡಿಗೆ ಸಾವಿರಾರು ಸಲ ಅದರ ಎತ್ತರ ಅಳೆದು ಅಂಕಿಯಾಗಿ ಬರೆಯುತ್ತದೆ. ಸಿ.ಡಿ.ಯಲ್ಲಿ 44,100 ಸಲ, ವಿಡಿಯೋದಲ್ಲಿ ಸಾಮಾನ್ಯವಾಗಿ 48,000 ಸಲ. ಹೀಗೆ ಹಿಡಿಯಬಹುದಾದ ಗರಿಷ್ಠ ಆವರ್ತನ ಇದರ ಅರ್ಧ, ಆದ್ದರಿಂದ ಮನುಷ್ಯನ ಕಿವಿಗೆ ಧಾರಾಳ ಸಾಕು. ಪ್ರತಿ ಅಳತೆಗೆ 16 ಬಿಟ್ ಇದ್ದರೆ 65,536 ಮೆಟ್ಟಿಲು. ಮೇಲಿನ ಕೊನೆಯ ಮೆಟ್ಟಿಲು ಸೊನ್ನೆ ಡೆಸಿಬೆಲ್. ಅದರಾಚೆ ಬರೆಯಲು ಅಂಕಿಯೇ ಇಲ್ಲ. ದನಿ ಅದನ್ನು ಮೀರಿದರೆ ಅಲೆಯ ತಲೆ ಕತ್ತರಿಸಿಹೋಗಿ ಕರಕರ ಅನ್ನುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ಸರಿಹೋಗದು. ಮೆಲ್ಲಗೆ ರೆಕಾರ್ಡ್ ಆದದ್ದನ್ನಾದರೆ ಏರಿಸಬಹುದು. ಮೀಟರ್ ಮುಳ್ಳು ಮೈನಸ್ 12ರ ಆಸುಪಾಸಿನಲ್ಲಿ ಆಡುತ್ತಿರಲಿ. ಇಲ್ಲಿಯೂ ಜೋರು ಮಾಡಿದವನೇ ಮಾತು ಕಳೆದುಕೊಳ್ಳುತ್ತಾನೆ.

ಕೆಲವರು ಕೇಳಬಹುದು: ಗಾಯನಕ್ಕೆ ಅನುರಣನ ಚೆಂದವಲ್ಲವೇ? ಹೌದು. ಅದಕ್ಕೇ ಗೋಡೆಯನ್ನೆಲ್ಲ ಮುಚ್ಚಿ ಎನ್ನುವುದಿಲ್ಲ. ಹಿಂದಿನ ಗೋಡೆಗೆ ದಪ್ಪ ಪರದೆ, ನಡುವಿನ ದಾರಿಗೆ ನೆಲಹಾಸು ಹಾಕಿ ನೋಡೋಣ. ಹಬ್ಬದ ಮೈದಾನಕ್ಕೆ ದೊಡ್ಡ ಸ್ಪೀಕರ್ ಬೇಡವೇ? ಬೇಕು, ಅದನ್ನು ಆ ಒಂದು ದಿನಕ್ಕೆ ಬಾಡಿಗೆಗೆ ತರೋಣ. ಅಲ್ಲಿಯೂ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ನಮಗೂ ಅನ್ವಯಿಸುತ್ತದೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವೂ ನಮ್ಮ ನೆರೆಯವರೇ.

ನಮ್ಮಲ್ಲಿ ಇದು ಭಾಷೆಯ ಪ್ರಶ್ನೆಯೂ ಹೌದು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಮಲಯಾಳ ಅಥವಾ ಇಂಗ್ಲಿಷ್ ಇರುವ ಎಷ್ಟೋ ಮಕ್ಕಳಿಗೆ ಒಳ್ಳೆಯ ಕನ್ನಡ ಕಿವಿಗೆ ಬೀಳುವುದು ವಾರಕ್ಕೊಮ್ಮೆ, ವಾಚನದ ಹೊತ್ತಿನಲ್ಲಿ. ಅದೂ ಗೊಜಗೊಜ ಎಂದರೆ ಅವರು ಯಾವುದನ್ನು ಕಲಿಯಬೇಕು? ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಸಂತ ಪೌಲರು ಕಹಳೆಯ ಹೋಲಿಕೆ ಕೊಟ್ಟು ತಿಳಿಸುವುದೂ ಇದನ್ನೇ: ನಾದವಿದ್ದರೆ ಸಾಲದು, ಕೇಳಿದವನಿಗೆ ತಿಳಿಯಬೇಕು.

ಆದ್ದರಿಂದ ಎಲ್ಲ ಯುವಜನ ಘಟಕಗಳಲ್ಲಿ ನಮ್ಮ ವಿನಂತಿ: ವಂತಿಗೆ ಪುಸ್ತಕ ತೆರೆಯುವ ಮೊದಲು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಹಿಂದಿನ ಬೆಂಚಿನ ಹತ್ತು ಮಂದಿಯನ್ನು ಅಲ್ಲೇ ಕೂರಿಸಿ. ಅವರಿಗೆ ಗೊತ್ತಿಲ್ಲದ ಇಪ್ಪತ್ತು ಪದಗಳನ್ನು ಮೈಕಿನಲ್ಲಿ ಓದಿ, ಕೇಳಿಸಿದ್ದನ್ನು ಬರೆಯಲು ಹೇಳಿ. ಬರೆಯಲಾಗದ ಹಿರಿಯರಿಗೆ ಪಕ್ಕದಲ್ಲಿ ಕೂತ ಯುವಕನೊಬ್ಬ ಬರೆದುಕೊಡಲಿ. ಮೇಲೆ ಹೇಳಿದ ಬದಲಾವಣೆ ಮಾಡಿ ಮರುವಾರ ಬೇರೆ ಇಪ್ಪತ್ತು ಪದ ಓದಿ. ಎರಡೂ ಅಂಕಗಳನ್ನು ಪಾಲನಾ ಮಂಡಳಿಯ ಮುಂದಿಡಿ. ಸ್ಪೀಕರ್ ಬೇಕೋ ಬೇಡವೋ ಎಂಬುದನ್ನು ಆ ಚೀಟಿಗಳೇ ಹೇಳಲಿ.