ಅಡುಗೆಮನೆಯ ಗೋಡೆಗೊಂದು ಕನ್ನಡ ಹಾಳೆ

“ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ” ಎಂಬ ಗಾದೆಯನ್ನು ನಾವು ಚಿಕ್ಕವರಿದ್ದಾಗಿನಿಂದ ಕೇಳುತ್ತ ಬಂದಿದ್ದೇವೆ. ಪರೀಕ್ಷೆಯಲ್ಲಿ ಅದರ ವಿಸ್ತಾರ ಬರೆದು ಅಂಕಗಳನ್ನೂ ಗಳಿಸಿದ್ದೇವೆ. ಆದರೆ ಆ ಗಾದೆ ನಮ್ಮ ಅಡುಗೆಮನೆಗೇ ಹೇಳಿದ ಮಾತೆಂಬುದು ಈ ವರ್ಷ ಒಂದು ನಸುಕಿನಲ್ಲಿ ನಮಗೆ ಮನದಟ್ಟಾಯಿತು.

ನಮ್ಮ ಹತ್ತನೆಯ ತರಗತಿಯ ಗೆಳತಿಯೊಬ್ಬಳ ಮನೆಯಲ್ಲಿ ನಡೆದ ಸಂಗತಿ ಇದು. ಚಹಕ್ಕೆಂದು ಇಟ್ಟ ಹಾಲು ಉಕ್ಕಿ ಗ್ಯಾಸಿನ ಉರಿ ಆರಿಹೋಯಿತು. ತಾಯಿ ಹಿತ್ತಲಲ್ಲಿ ಎಮ್ಮೆಯ ಬಳಿ ಇದ್ದರು. ವಾಸನೆ ಬಂದು ಎದ್ದ ಅಜ್ಜಿ, ಏನೆಂದು ನೋಡಲು ದೀಪದ ಸ್ವಿಚ್ಚಿಗೆ ಕೈ ಚಾಚಿದರು. ಅಷ್ಟರಲ್ಲಿ ಮೊಮ್ಮಗಳು ಕೂಗಿ ತಡೆದಳು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಅಜ್ಜಿಯನ್ನು ಕೈಹಿಡಿದು ಅಂಗಳಕ್ಕೆ ಕರೆತಂದಳು. ದೇವರ ದಯೆಯಿಂದ ಅನಾಹುತ ತಪ್ಪಿತು.

ಆ ಅಜ್ಜಿ ಓದು ಬಾರದವರಲ್ಲ. ದಿನವೂ ಕನ್ನಡ ಪತ್ರಿಕೆಯನ್ನು ಮನೆಮಂದಿಗೆಲ್ಲ ಕೇಳಿಸುವಂತೆ ಓದುವವರು. ಆದರೆ ಗ್ಯಾಸಿನೊಡನೆ ಬಂದಿದ್ದ ಸೂಚನೆಯ ಕಾಗದದಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಇದ್ದವೇ ಹೊರತು ಕನ್ನಡವಿರಲಿಲ್ಲ. ಇದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ನಮ್ಮ ಅಕ್ಕಲಕೋಟೆ ಮಹಾರಾಷ್ಟ್ರದ ತಾಲೂಕು. ಮರಾಠಿಯನ್ನು ನಾವೂ ಪ್ರೀತಿಯಿಂದ ಕಲಿಯುತ್ತೇವೆ. ನಮ್ಮ ಪ್ರಶ್ನೆ ಬೇರೆ. ಮೂರು ಭಾಷೆ ಓದಬಲ್ಲ ಮಕ್ಕಳು ಮನೆಯಲ್ಲಿದ್ದೂ ಆ ಕಾಗದವನ್ನು ಹಿರಿಯರಿಗೆ ಓದಿ ಹೇಳದಿದ್ದರೆ ತಪ್ಪು ಯಾರದು? ನಮ್ಮದೇ ಅಲ್ಲವೇ?

ಹಳೆಯ ಒಲೆಯ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಕುಳ್ಳು, ಕಟ್ಟಿಗೆಯ ಉರಿ ಜೋರಾದರೆ ಎಳೆಯ ಮಗುವೂ ದೂರ ಸರಿಯುತ್ತಿತ್ತು. ಹಾಗೆಂದು ಆ ಹೊಗೆಗೆ ಮರಳಿ ಹೋಗಬೇಕೆಂದು ನಾವು ಹೇಳುವುದಿಲ್ಲ. ನಮ್ಮ ತಾಯಂದಿರ ಕಣ್ಣು, ಎದೆಗಳನ್ನು ಆ ಹೊಗೆ ಎಷ್ಟು ಬಾಧಿಸಿತೆಂಬುದು ಎಲ್ಲರಿಗೂ ಗೊತ್ತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಲೆ ಬದಲಾದರೂ ನಮ್ಮ ರೂಢಿ ಬದಲಾಗಲಿಲ್ಲ. ಹೊಸ ಒಲೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಓದಿಯೇ ತಿಳಿಯಬೇಕು.

ಮೊದಲು ಗ್ಯಾಸಿನ ಮಾತು. ಈ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದಾಗ ಮೇಲೇರದೆ ನೆಲ ಹಿಡಿದು ಹರಡಿ, ಮೂಲೆಗಳಲ್ಲಿ ಶೇಖರವಾಗುತ್ತದೆ. ಆದುದರಿಂದ ಮೇಲಿನ ಬೆಳಕಿಂಡಿ ತೆರೆದರೆ ಸಾಲದು, ಬಾಗಿಲನ್ನೇ ತೆರೆಯಬೇಕು. ಈ ಅನಿಲಕ್ಕೆ ಸ್ವತಃ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಅದರಲ್ಲಿ ಬೆರೆಸಿರುತ್ತಾರೆ. ಆ ದುರ್ವಾಸನೆಯೇ ನಮ್ಮ ಕಾವಲುಗಾರ. ವಾಸನೆ ಬಂದೊಡನೆ ಕಡ್ಡಿ ಗೀರಬಾರದು. ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಹಾರುವ ಸಂಭವವಿದೆ. ಹೊರಗೆ ಬಂದ ಮೇಲೆಯೇ 1906ಕ್ಕೆ ಫೋನು ಮಾಡಬೇಕು. ಗ್ಯಾಸ್ ಸೋರಿಕೆಗೆಂದೇ ಹಗಲಿರುಳೂ ಇರುವ ಸಂಖ್ಯೆ ಅದು.

ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಬೇಕು. ಕುಳಿತು ಅಡುಗೆ ಮಾಡುವ ರೂಢಿಯೆಂದು ಒಲೆಯನ್ನು ನೆಲದ ಮೇಲೆ ಇಡುವುದು ಸರಿಯಲ್ಲ. ರಬ್ಬರ್ ನಳಿಕೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅಂದೇ ಬದಲಾಯಿಸಬೇಕು. ಸೋರಿಕೆಯ ಸಂಶಯ ಬಂದರೆ ಸಾಬೂನಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಕಡ್ಡಿ ಹಿಡಿದು ನೋಡುವುದು ಮೃತ್ಯುವನ್ನು ಕರೆದಂತೆ. ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿ ವರ್ಷದ್ದು. ಆ ಅವಧಿ ಮೀರಿದ ಸಿಲಿಂಡರನ್ನು ಪಡೆಯದೆ ಹಿಂದಕ್ಕೆ ಕಳುಹಿಸಬೇಕು. ಈ ಕೆಲಸವನ್ನು ಐದನೆಯ ತರಗತಿಯ ಬಾಲಕನೂ ಮಾಡಬಲ್ಲ.

ಇನ್ನು ಇಂಡಕ್ಷನ್ ಒಲೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನಾವು ವಿಜ್ಞಾನದ ಪಾಠದಲ್ಲಿ ಬಾಯಿಪಾಠ ಮಾಡುತ್ತೇವೆ. ಆ ‘ಪ್ರೇರಣೆ’ಯೇ ಮನೆಯ ‘ಇಂಡಕ್ಷನ್’ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಹೊಳೆದಿತ್ತು? ಗಾಜಿನ ಕೆಳಗಿನ ತಂತಿಯ ಸುರುಳಿಯಲ್ಲಿ ಕಾಂತಕ್ಷೇತ್ರ ಕ್ಷಣಕ್ಷಣಕ್ಕೂ ಬದಲಾಗುತ್ತ, ಪಾತ್ರೆಯ ತಳದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಅದರಿಂದ ಪಾತ್ರೆಯೇ ಕಾಯುತ್ತದೆ. ಕಬ್ಬಿಣದ ಹೆಂಚು ಇದರ ಮೇಲೆ ಕಾಯುತ್ತದೆ, ಮಣ್ಣಿನ ಹೆಂಚು ಕಾಯದು. ತಳಕ್ಕೆ ಅಯಸ್ಕಾಂತ ಅಂಟಿದರೆ ಆ ಪಾತ್ರೆ ನಡೆಯುತ್ತದೆ.

“ಉರಿಯೇ ಇಲ್ಲ, ಸುಡುವುದೆಲ್ಲಿ?” ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಪಾತ್ರೆಯ ಕಾವು ಗಾಜಿಗೆ ಇಳಿದು, ಒಲೆ ಆರಿಸಿದ ಮೇಲೂ ಉಳಿದಿರುತ್ತದೆ. ಖಾಲಿ ಪಾತ್ರೆಯೂ ಎಣ್ಣೆಯೂ ಇದರ ಮೇಲೆ ಬಹು ಬೇಗ ಕಾಯುವುದರಿಂದ ಬಿಟ್ಟು ಹೋಗಬಾರದು. 2000 ವ್ಯಾಟಿನ ಒಲೆ ನಮ್ಮ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಭಾಗಾಕಾರ ಬಲ್ಲವರಿಗೆ ಇದು ಸುಲಭದ ಲೆಕ್ಕ. 6 ಆಂಪಿಯರಿನ ಸಾಕೆಟ್ಟು ಅದನ್ನು ತಾಳದು. ಅರ್ಥಿಂಗ್ ಇರುವ 16 ಆಂಪಿಯರಿನದೇ ಬೇಕು. ಗಾಜು ಬಿರಿದ ಒಲೆಯನ್ನು ಬಳಸಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ಇದರ ಬಳಿ ಹೋಗಬೇಕು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು. ಮೈ ಸುಟ್ಟರೆ ಟೂತ್‌ಪೇಸ್ಟು, ಶಾಯಿ, ತುಪ್ಪ ಯಾವುದೂ ಬೇಡ. 20 ನಿಮಿಷ ಹರಿಯುವ ತಣ್ಣೀರು ಹಿಡಿದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇಲ್ಲಿ ಹುಡುಗರಿಗೊಂದು ಮಾತು. ಒಲೆಯ ಕಾಳಜಿ ತಾಯಿಗೆ, ಅಕ್ಕನಿಗೆ ಮಾತ್ರ ಸೇರಿದ್ದೆಂಬ ಭಾವನೆ ನಮ್ಮಲ್ಲಿದೆ. ಊಟಕ್ಕೆ ಎಲ್ಲರೂ ಕೂಡುವಾಗ ಎಚ್ಚರಿಕೆಯ ಭಾರ ಒಬ್ಬರ ಮೇಲೇಕೆ? ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಆಗಿದೆಯೇ ಎಂದು ನೋಡುವ ಕೆಲಸವನ್ನು ಪ್ರತಿ ಮನೆಯ ಗಂಡುಮಕ್ಕಳು ವಹಿಸಿಕೊಳ್ಳಲಿ.

“ಕನ್ನಡದಲ್ಲಿ ಓದಿ ಏನು ಪ್ರಯೋಜನ?” ಎಂದು ನಮ್ಮನ್ನು ಕೇಳುವವರು ಊರಲ್ಲಿ ಕಡಿಮೆ ಇಲ್ಲ. ಅದಕ್ಕೆ ವಾದ ಮಾಡುವ ಬದಲು ನಾವೊಂದು ಕೆಲಸ ಮಾಡೋಣ. ಈ ಲೇಖನದಲ್ಲಿ ಹೇಳಿದ ಸೂಚನೆಗಳನ್ನು ದೊಡ್ಡ ಅಕ್ಷರಗಳಲ್ಲಿ, ಅಜ್ಜಿಗೆ ಕನ್ನಡಕವಿಲ್ಲದೆಯೂ ಕಾಣುವಂತೆ, ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸೋಣ. ಓದಲು ಬಾರದವರಿಗೆ ಓದಿ ಹೇಳೋಣ. ಪಾಲಕರು ಮಕ್ಕಳ ಈ ಮಾತನ್ನು ಉದ್ಧಟತನವೆಂದು ತಿಳಿಯದೆ ಕಿವಿಗೊಡಬೇಕೆಂದು ನಮ್ರವಾಗಿ ಬೇಡುತ್ತೇವೆ. ಆ ನಸುಕಿನಲ್ಲಿ ಸ್ವಿಚ್ಚಿನ ಹತ್ತಿರ ಹೋಗಿದ್ದ ಕೈಯನ್ನು ತಡೆದದ್ದು ಮನೆಯ ಮಗುವಿನ ಒಂದು ಕೂಗು. ಪ್ರತಿ ಸಲವೂ ಕೂಗುವವರು ಹತ್ತಿರವಿರುತ್ತಾರೆಂಬ ಭರವಸೆ ಇಲ್ಲ. ಹಾಳೆಯಾದರೋ ಗೋಡೆಯ ಮೇಲೆ ಸದಾ ಇರುತ್ತದೆ.