ಅಂಗಡಿ ನಮ್ಮದು, ಬೋರ್ಡು ಅವರದು



ಈ ಸಲ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ಇಬ್ಬರು, ಬೇರೆ ಬೇರೆಯಾಗಿ, ಒಂದೇ ಮಾತು ಹೇಳಿದರು: "ಈ ಲೇಆಫ್ ಕಾಟ ಸಾಕಾಯ್ತು ಮಾರಾಯ, ಒಂದು ಫ್ರಾಂಚೈಸ್ ತಗೊಂಡುಬಿಡೋಣ ಅಂತಿದೀವಿ." ಹೋಳಿಗೆ ತಣ್ಣಗಾಗುತ್ತದೆಂಬ ಭಯಕ್ಕೆ ಅಲ್ಲಿ ಹೆಚ್ಚು ಮಾತಾಡಲಿಲ್ಲ. ಆವತ್ತು ಬಾಯಲ್ಲೇ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನೇನೂ ವ್ಯಾಪಾರಸ್ಥನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಆಪ್ತ ಗೆಳೆಯನೊಬ್ಬ ಪಿಜ್ಜಾ ಅಂಗಡಿಯ ಫ್ರಾಂಚೈಸ್ ತೆಗೆದುಕೊಂಡು ಮೂರೇ ವರ್ಷಕ್ಕೆ ಬಾಗಿಲು ಹಾಕಿದ (ಬ್ರಾಂಡಿನ ಹೆಸರು ಬೇಡ). ವಾರಾಂತ್ಯದಲ್ಲಿ ಅವನ ಲೆಕ್ಕದ ಸ್ಪ್ರೆಡ್‌ಶೀಟ್ ನೋಡಿಕೊಡುತ್ತಿದ್ದವನು ನಾನೇ. ಗಿರಾಕಿಗಳು ಬರುತ್ತಿದ್ದರು, ಅವನೂ ಸೋಮಾರಿಯಲ್ಲ. ಎಡವಟ್ಟಾಗಿದ್ದು ಒಪ್ಪಂದದ ಒಂದು ಸಾಲಿನಲ್ಲಿ: ಕಂಪನಿಗೆ ಕೊಡಬೇಕಾದ ರಾಯಲ್ಟಿ ಮಾರಾಟದ ಮೇಲೆ, ಲಾಭದ ಮೇಲಲ್ಲ.

ಹೆಚ್ಚಿನ ಬ್ರಾಂಡುಗಳದ್ದು ಇದೇ ಪದ್ಧತಿ. ಉದಾಹರಣೆಗೆ ಸಬ್‌ವೇಯಲ್ಲಿ ಬಹುಕಾಲದಿಂದ ಮಾರಾಟದ 8% ರಾಯಲ್ಟಿ, 4.5% ಜಾಹೀರಾತು ನಿಧಿ, ಒಟ್ಟು 12.5%. ಈಗ ಒಂದು ಲೆಕ್ಕ ಹಾಕೋಣ. ತಿಂಗಳಿಗೆ 30,000 ಡಾಲರ್ ಮಾರಾಟ, ಸಾಮಗ್ರಿಗೆ 30% ಖರ್ಚು ಎಂದಿಟ್ಟುಕೊಳ್ಳಿ. ಸಾಮಗ್ರಿಗೆ 9,000, ಕಂಪನಿಗೆ 3,750 ಹೋಗಿ ಬಾಡಿಗೆ-ಸಂಬಳಕ್ಕೆ 17,250 ಉಳಿಯಿತು. ಕಂಪನಿ ಒಂದು ಡಿಸ್ಕೌಂಟ್ ಸ್ಕೀಮ್ ತಂದಿತು. ಮಾರಾಟ 36,000ಕ್ಕೆ ಏರಿತು, ಆದರೆ ಬೆಲೆ ಇಳಿಸಿದ್ದರಿಂದ ಸಾಮಗ್ರಿಯ ಪಾಲು 38% ಆಯಿತು. ಈಗ ಸಾಮಗ್ರಿಗೆ 13,680, ಕಂಪನಿಗೆ 4,500, ನಿಮಗೆ 17,820. ಕಂಪನಿಗೆ 750 ಹೆಚ್ಚು, ಏನೂ ಬೇಯಿಸದೆ! ನಿಮಗೆ 570 ಹೆಚ್ಚು, ಅದರಲ್ಲೇ ಹೆಚ್ಚುವರಿ ಹುಡುಗನ ಸಂಬಳ ಕೊಡಬೇಕು.

ಸಬ್‌ವೇ 2008ರಲ್ಲಿ ದೇಶಾದ್ಯಂತ ಐದು ಡಾಲರ್ ಫುಟ್‌ಲಾಂಗ್ ತಂದಾಗ ಗಿರಾಕಿಗಳಿಗೆ ಹಬ್ಬ. ಆದರೆ 2017ರ ಕೊನೆಗೆ ಕಂಪನಿ ಮತ್ತೆ 4.99ರ ಆಫರ್ ಎಂದಾಗ ಫ್ರಾಂಚೈಸಿಗಳೇ ಸಹಿ ಸಂಗ್ರಹಿಸಿ ವಿರೋಧಿಸಿದರು. ಅವರೂ ಇದೇ ಲೆಕ್ಕ ಹಾಕಿರಬೇಕು.

ಕಂಪನಿಗಳ ಮಾತಿನಲ್ಲೂ ಹುರುಳಿದೆ ಅನ್ನಿ. ಲಾಭವನ್ನು ಪುಸ್ತಕದಲ್ಲಿ ಹೇಗೆ ಬೇಕಾದರೂ ಕರಗಿಸಬಹುದು, ಮಾರಾಟ ಮಾತ್ರ ಕ್ಯಾಶ್ ರಿಜಿಸ್ಟರಿನಲ್ಲಿ ಕೂತಿರುತ್ತದೆ. ಸೆವೆನ್-ಇಲೆವೆನ್ ಥರ ಒಟ್ಟು ಲಾಭದಲ್ಲಿ ಪಾಲು ಕೇಳುವವರೂ ಇದ್ದಾರೆ, ಅಲ್ಲೂ ಜಗಳ ತಪ್ಪಿಲ್ಲ.

ಇನ್ನೊಂದು ಬಿರುಕು ಸಾಮಗ್ರಿಯದು. ಬ್ರೆಡ್ಡು, ಚೀಸು, ಕೊನೆಗೆ ಪೇಪರ್ ನ್ಯಾಪ್ಕಿನ್ ಕೂಡ ಕಂಪನಿ ಹೇಳಿದ ಕಡೆಯೇ ಕೊಳ್ಳಬೇಕು. ಕ್ವಿಜ್ನೋಸ್ ಕಥೆ ನೆನಪಿದೆಯೆ? 2007ರ ಸುಮಾರಿಗೆ ಐದು ಸಾವಿರದ ಹತ್ತಿರ ಅಂಗಡಿಗಳಿದ್ದವು. ತಮಗೆ ದುಬಾರಿ ಬೆಲೆಗೆ ಸರಕು ಮಾರಿ ಕಂಪನಿ ಲಾಭ ಮಾಡುತ್ತಿದೆ ಎಂದು ಫ್ರಾಂಚೈಸಿಗಳು ಕೋರ್ಟಿಗೆ ಹೋದರು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು. 2014ರ ಮಾರ್ಚಿನಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಹಸುವಿಗೆ ಮೇವು ಹಾಕದೆ ಹಾಲು ಕರೆದರೆ ಇನ್ನೇನಾಗುತ್ತದೆ!

ನನ್ನ ಗೆಳೆಯ ಬಾಡಿಗೆ ಕರಾರಿಗೆ ಸ್ವಂತ ಜಾಮೀನು ಹಾಕಿದ್ದ. ಹಾಗಾಗಿ ಬೋರ್ಡು ಇಳಿಸಿದ ಮೇಲೂ ಎರಡು ವರ್ಷ ಖಾಲಿ ಅಂಗಡಿಗೆ ಬಾಡಿಗೆ ಕಟ್ಟಿದ. ಮಗಳ ಕಾಲೇಜಿಗೆಂದು ಇಟ್ಟಿದ್ದ ಹಣ ಅದಕ್ಕೇ ಹೋಯಿತು. ಅವನ ಹೆಂಡತಿ ಒಪ್ಪಂದಕ್ಕೆ ಮುಂಚೆಯೇ ಬೇಡ ಎಂದಿದ್ದರು. ಆ ಮಾತು ಅವರ ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.

ಅಮೆರಿಕದ ಕಾನೂನಿನ ಪ್ರಕಾರ ಸಹಿ ಹಾಕುವ ಕನಿಷ್ಠ 14 ದಿನ ಮೊದಲು ಕಂಪನಿ ನಿಮಗೆ ಒಂದು ದಪ್ಪ ಮಾಹಿತಿ ದಾಖಲೆ ಕೊಡಬೇಕು. ಅದರಲ್ಲಿ 23 ಬಾಬತ್ತುಗಳಿರುತ್ತವೆ. ಪೂರ್ತಿ ಓದಲು ತಾಳ್ಮೆ ಇಲ್ಲದಿದ್ದರೆ ಮೊದಲು 20ನೆಯದನ್ನು ತೆಗೆಯಿರಿ. ಹಿಂದಿನ ವರ್ಷ ಬಿಟ್ಟು ಹೋದ ಫ್ರಾಂಚೈಸಿಗಳ ಹೆಸರು, ಫೋನ್ ನಂಬರು ಅಲ್ಲಿ ಇರುತ್ತವೆ. ಕಂಪನಿಯ ಸೇಲ್ಸ್‌ಮನ್ ತೋರಿಸುವ ಗೆದ್ದವರಿಗಿಂತ ಮೊದಲು ಇವರಿಗೆ ಫೋನ್ ಮಾಡಿ. ಎಷ್ಟು ವರ್ಷ ತಮ್ಮ ಸಂಬಳ ತಾವೇ ತೆಗೆದುಕೊಳ್ಳಲಿಲ್ಲ ಎಂದು ಕೇಳಿ.

ಗೆಳೆಯ ಆ ಪಟ್ಟಿ ತೆರೆದು ನೋಡಿದ್ದು ಅಂಗಡಿ ಮುಚ್ಚಿದ ಮೇಲೆ. ಮುಂದಿನ ವರ್ಷದ ಪಟ್ಟಿಯಲ್ಲಿ ಅವನದೇ ಹೆಸರಿತ್ತು; ಇಲ್ಲಿಯವರೆಗೆ ಅವನಿಗೆ ಫೋನ್ ಮಾಡಿದವರು ಇಬ್ಬರೇ ಅಂತೆ. ಯುಗಾದಿ ದಿನ ಮಾತಾಡಿದ ಇಬ್ಬರ ಜೊತೆಗೂ ಮಾತಾಡಲು ಅವನು ಒಪ್ಪಿದ್ದಾನೆ. ನನಗೊಂದು ಮೇಲ್ ಹಾಕಿ, ನಂಬರ್ ಕಳಿಸುತ್ತೇನೆ.